ನಮ್ಮ ಅಜ್ಜ ಗೌರವಿಸುತ್ತಿದ್ದ ‘ಕರ್ನಲ್ ಅಯೂಬ್’ ಅವರನ್ನು ಇಂದು ನಾವು ಹೇಗೆ ಅಳೆಯಬೇಕು?

ಕೈಯಾಲೆ ಕುರ್ಚಿ (ಪ್ರಶ್ನೆ ಕೇಳಿದವರು)
ನಮ್ಮ ಅಜ್ಜ ಕೊಡಗಿನವರು. ದೇಶ ವಿಭಜನೆಗೆ ಮುಂಚೆ ವಾಯವ್ಯ ಗಡಿಯ ಬನ್ನೂ ಎಂಬಲ್ಲಿ, ಆಗ ಬ್ರಿಗೇಡಿಯರ್ ಆಗಿದ್ದ ಕಾರ್ಯಪ್ಪನವರ ಕೈಕೆಳಗಿನ ಪಡೆಯಲ್ಲಿ ಸೇವೆ ಮಾಡಿದವರು. ಮುಂದೆ ಪಾಕಿಸ್ತಾನದ ಅಧ್ಯಕ್ಷರಾದ ಅಯೂಬ್ ಖಾನ್ ಕೂಡ ಅದೇ ಬ್ರಿಗೇಡಿನಲ್ಲಿ ಅಧಿಕಾರಿಯಾಗಿದ್ದರು. ಮಳೆಗಾಲದ ಸಂಜೆ ಐನ್‌ಮನೆಯ (ಮನೆತನದ ಮೂಲಮನೆಯ) ಕೈಯಾಲೆಯಲ್ಲಿ, ಅಂದರೆ ಜಗುಲಿಯಲ್ಲಿ, ಕುಳಿತು ಬನ್ನೂ ದಿನಗಳ ಮಾತು ತೆಗೆದರೆ ‘ಕರ್ನಲ್ ಅಯೂಬ್’ ಹೆಸರು ಬಾರದೆ ಆ ಮಾತು ಮುಗಿಯುತ್ತಿರಲಿಲ್ಲ. ಎತ್ತರದ ಆಳು, ಸಿಪಾಯಿಗಳ ಊಟವನ್ನು ಸ್ವತಃ ರುಚಿ ನೋಡುತ್ತಿದ್ದರು, ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ ಎಂದು ಅಜ್ಜ ಹೇಳುತ್ತಿದ್ದರು.

ಕಳೆದ ವಾರ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಮಗ ಕೇಳಿದ: ಸರ್ಕಾರವನ್ನು ಉರುಳಿಸಿ ಅಧ್ಯಕ್ಷರಾದವರು, 1965ರಲ್ಲಿ ನಮ್ಮ ಮೇಲೆ ಯುದ್ಧ ಹೂಡಿದವರು, ಅಂಥವರನ್ನು ಮುತ್ತಜ್ಜ ಹೇಗೆ ಗೌರವಿಸಿದರು? ನನ್ನ ಬಳಿ ಉತ್ತರವಿರಲಿಲ್ಲ. ತಿಳಿದವರು ದಯವಿಟ್ಟು ಹೇಳಿ. ಅಯೂಬ್ ಖಾನ್ ಅವರ ಬದುಕಿನಲ್ಲಿ ಗೌರವಕ್ಕೆ ಪಾತ್ರವಾದದ್ದು ಯಾವುದು, ಖಂಡನೆಗೆ ಪಾತ್ರವಾದದ್ದು ಯಾವುದು?

ಶಿವಮೊಗ್ಗದ ಹಳೆ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಮೊದಲು ಬದುಕಿನ ಚೌಕಟ್ಟನ್ನು ಹೇಳಿಬಿಡುತ್ತೇನೆ. ಅಯೂಬ್ ಖಾನ್ ಹುಟ್ಟಿದ್ದು 1907ರ ಮೇ 14ರಂದು, ಹರಿಪುರದ ಹತ್ತಿರದ ರೆಹಾನಾ ಎಂಬ ಹಳ್ಳಿಯಲ್ಲಿ. ತಂದೆ ಬ್ರಿಟಿಷ್ ಸೇನೆಯ ಅಶ್ವದಳದಲ್ಲಿ ರಿಸಾಲ್ದಾರ್ ಮೇಜರ್ ಆಗಿದ್ದವರು. ಅಲಿಗಢದಲ್ಲಿ ಓದುತ್ತಿದ್ದ ಹುಡುಗ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಗೆ ಆಯ್ಕೆಯಾಗಿ 1928ರಲ್ಲಿ ಅಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದರು. ವಿಭಜನೆಯ ನಂತರ, ಆಗ ಪಾಕಿಸ್ತಾನದ ಪೂರ್ವ ಪ್ರಾಂತವಾಗಿದ್ದ ಇಂದಿನ ಬಾಂಗ್ಲಾದೇಶದ ಢಾಕಾದಲ್ಲಿ ಪಡೆಯ ಮುಖ್ಯಸ್ಥರಾದರು. 1951ರ ಜನವರಿಯಲ್ಲಿ ಪಾಕಿಸ್ತಾನದ ಸೇನೆಗೆ ಆ ದೇಶದವರೇ ಆದ ಮೊದಲ ಮಹಾದಂಡನಾಯಕರಾದರು. ನಮ್ಮ ಕಾರ್ಯಪ್ಪನವರು ಇಲ್ಲಿ ಅದೇ ಸ್ಥಾನವನ್ನು 1949ರ ಜನವರಿ 15ರಂದು ವಹಿಸಿಕೊಂಡಿದ್ದರು. ಒಂದೇ ಬ್ರಿಗೇಡಿನ ಇಬ್ಬರು, ಎರಡು ವರ್ಷಗಳ ಅಂತರದಲ್ಲಿ, ಎರಡು ದೇಶಗಳ ಸೇನೆಗಳ ಮೊದಲ ಸ್ವದೇಶಿ ನಾಯಕರಾದರು. ನಿಮ್ಮ ಅಜ್ಜ ಅವರಿಬ್ಬರನ್ನೂ ಹತ್ತಿರದಿಂದ ಕಂಡವರು.

1958ರ ಕ್ಷಿಪ್ರಕ್ರಾಂತಿಯನ್ನು ಅಳೆಯುವ ಮೊದಲು ಆ ದೇಶದ ಅಂದಿನ ಸ್ಥಿತಿಯನ್ನೂ ನೋಡಬೇಕು. ಹನ್ನೊಂದು ವರ್ಷಗಳಲ್ಲಿ ಏಳು ಮಂದಿ ಪ್ರಧಾನಿಗಳಾಗಿದ್ದರು, ಅವರಲ್ಲೊಬ್ಬರು ಎರಡು ತಿಂಗಳು ಮಾತ್ರ ಕುರ್ಚಿಯಲ್ಲಿದ್ದರು. ಸಂವಿಧಾನ ಸಿದ್ಧವಾಗಲು ಒಂಬತ್ತು ವರ್ಷ ಬೇಕಾಯಿತು. 1958ರ ಸೆಪ್ಟೆಂಬರಿನಲ್ಲಿ ಢಾಕಾದ ಪ್ರಾಂತೀಯ ಸಭೆಯಲ್ಲಿ ಸದಸ್ಯರೇ ಹೊಡೆದಾಡಿ, ಉಪಸಭಾಪತಿ ಶಾಹಿದ್ ಅಲಿ ಅವರು ಗಾಯಗೊಂಡು ತೀರಿಕೊಂಡರು. ಜನ ಬೇಸತ್ತಿದ್ದರು. ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಜಾ ಅವರು ಸಂವಿಧಾನವನ್ನು ರದ್ದುಗೊಳಿಸಿ ಅಯೂಬರನ್ನು ಸೇನಾಡಳಿತಗಾರರನ್ನಾಗಿ ನೇಮಿಸಿದರು. ಇಪ್ಪತ್ತೇ ದಿನಗಳಲ್ಲಿ ಅಯೂಬರು ಆ ಮಿರ್ಜಾ ಅವರನ್ನೇ ದೇಶ ಬಿಡಿಸಿ ತಾವು ಅಧ್ಯಕ್ಷರಾದರು.

ತುಂಗಾತೀರ
ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ಇದರಲ್ಲಿ ಗೌರವಿಸುವುದಕ್ಕೆ ಏನಿದೆ?

ಮಾಜಿ ಸುಬೇದಾರ್, ಹಾಸನ
ತುಂಗಾತೀರ ಅವರೇ, ಗಾದೆ ಹೇಳಿ ಮುಗಿಸುವ ಮೊದಲು ಅವರು ಮಾಡಿದ ಕೆಲಸವನ್ನೂ ನೋಡಿ. ಕಳ್ಳಸಂತೆಯವರು ಬಚ್ಚಿಟ್ಟಿದ್ದ ಸರಕು ಕೆಲವೇ ವಾರಗಳಲ್ಲಿ ಅಂಗಡಿಗಳಿಗೆ ಬಂತು. ವಿಭಜನೆಯ ಹತ್ತು ವರ್ಷಗಳ ನಂತರವೂ ಕರಾಚಿಯ ಜೋಪಡಿಗಳಲ್ಲಿದ್ದ ನಿರಾಶ್ರಿತರಿಗೆ, ಜನರಲ್ ಆಜಂ ಖಾನ್ ಅವರ ಮೇಲುಸ್ತುವಾರಿಯಲ್ಲಿ, ಕೋರಂಗಿಯಲ್ಲಿ ಮನೆಗಳಾದವು. 1959ರಲ್ಲಿ ಭೂಸುಧಾರಣೆ ಬಂತು. ಮರಳುಗಾಡಿನಂಥ ಕರಾಚಿಯ ಅಂಚಿನಿಂದ ರಾಜಧಾನಿಯನ್ನು ಎಬ್ಬಿಸಿ, ಗ್ರೀಸಿನ ವಾಸ್ತುಶಿಲ್ಪಿ ಡಾಕ್ಸಿಯಾಡಿಸ್ ಅವರಿಂದ ನಕ್ಷೆ ಮಾಡಿಸಿ, ಇಸ್ಲಾಮಾಬಾದ್ ಎಂಬ ಹೊಸ ಊರನ್ನೇ ಕಟ್ಟಿಸಿದರು. ಮಾತು ಕಡಿಮೆ, ಕೆಲಸ ಹೆಚ್ಚು ಎನ್ನುವ ಸಿಪಾಯಿಯ ಗುಣ ಅಲ್ಲಿ ಕಾಣುತ್ತದೆ. ಮೂವತ್ತು ವರ್ಷ ಸಮವಸ್ತ್ರ ತೊಟ್ಟ ನನಗೆ ಆ ಗುಣದ ಬೆಲೆ ಗೊತ್ತು.

ಧಾರವಾಡದ ವಕೀಲ
ಸುಬೇದಾರ್ ಸಾಹೇಬರ ಮೇಲೆ ಗೌರವವಿಟ್ಟುಕೊಂಡೇ ಎರಡು ತಿದ್ದುಪಡಿ ಹೇಳುತ್ತೇನೆ.

ಭೂಸುಧಾರಣೆಯಲ್ಲಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಮಿತಿ ನೀರಾವರಿ ಜಮೀನಾದರೆ 500 ಎಕರೆ, ಖುಷ್ಕಿಯಾದರೆ 1000 ಎಕರೆ. ಮಿತಿ ಒಂದು ಮನೆತನಕ್ಕಲ್ಲ, ವ್ಯಕ್ತಿಗೆ. ಹೀಗಾಗಿ ಅಣ್ಣತಮ್ಮಂದಿರ, ಮಕ್ಕಳ ಹೆಸರಿಗೆ ಹಂಚಿಬಿಟ್ಟರೆ ಜಮೀನ್ದಾರನ ಕೂದಲೂ ಕೊಂಕುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮ ಕರ್ನಾಟಕದಲ್ಲಿ ಗೇಣಿದಾರನಿಗೆ ಉಳುವ ಭೂಮಿಯ ಹಕ್ಕು ಕೊಟ್ಟ ಕಾನೂನನ್ನು ಕಣ್ಣಾರೆ ಕಂಡ ನಾವು ಅದನ್ನು ಸುಧಾರಣೆ ಎಂದು ಕರೆಯುವ ಮೊದಲು ಯೋಚಿಸಬೇಕು.

ಇನ್ನು ಮೇಷ್ಟ್ರು ಹೇಳಿದ ಅರಾಜಕತೆಯ ವಿಚಾರ. ಒಂದು ಮುಖ್ಯ ಸಂಗತಿ ಅವರ ಬರಹದಲ್ಲಿ ಬಿಟ್ಟುಹೋಗಿದೆ. ಇಡೀ ದೇಶದ ಮೊದಲ ಸಾರ್ವತ್ರಿಕ ಚುನಾವಣೆ 1959ರ ಆರಂಭಕ್ಕೆ ನಿಗದಿಯಾಗಿತ್ತು. ಜನ ಬೇಸತ್ತಿದ್ದರು ನಿಜ, ಆದರೆ ಆ ಬೇಸರವನ್ನು ಮತಪೆಟ್ಟಿಗೆಯಲ್ಲಿ ಹಾಕುವ ಅವಕಾಶ ಕೆಲವೇ ತಿಂಗಳ ದೂರದಲ್ಲಿತ್ತು. ಅಷ್ಟರಲ್ಲಿ ಪೆಟ್ಟಿಗೆಯನ್ನೇ ಕಿತ್ತುಕೊಳ್ಳಲಾಯಿತು. ಅದಕ್ಕೆ ನ್ಯಾಯಾಲಯವೂ ಮುದ್ರೆ ಒತ್ತಿತು. ದೋಸ್ಸೋ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಮುನೀರ್ ಅವರು, ಯಶಸ್ವಿಯಾದ ಕ್ರಾಂತಿ ತಾನೇ ತನಗೆ ಕಾನೂನಾಗುತ್ತದೆ ಎಂಬರ್ಥದ ತೀರ್ಪು ಕೊಟ್ಟರು. ತೀರ್ಪಿನ ದಿನಾಂಕ ನೋಡಿ: 1958ರ ಅಕ್ಟೋಬರ್ 27. ಮಿರ್ಜಾ ಅವರನ್ನು ಹೊರಹಾಕಿದ್ದೂ ಅದೇ ದಿನ. ಆ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1972ರಲ್ಲಿ, ಅಂದರೆ ಅಯೂಬರೂ ಅವರ ನಂತರದ ಯಾಹ್ಯಾ ಖಾನರೂ ಅಧಿಕಾರ ಬಿಟ್ಟ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಕೈಯಾಲೆ ಕುರ್ಚಿ
ವಕೀಲರೇ, ಚುನಾವಣೆ ನಿಗದಿಯಾಗಿದ್ದ ವಿಷಯ ನನಗೆ ತಿಳಿದಿರಲಿಲ್ಲ. ಮಗನಿಗೂ ಓದಿ ಹೇಳಿದೆ. ಉಳಿದವರೂ ಬರೆಯಿರಿ.

ವಿಸಿ ನಾಲೆ, ಮಂಡ್ಯ
ನಾನು ಇತಿಹಾಸ ಓದಿದವನಲ್ಲ, ರೈತ. ನನಗೆ ಅಯೂಬ್ ಖಾನ್ ಎಂದರೆ ನೆನಪಾಗುವುದು ಸಿಂಧೂ ನದಿ ಒಪ್ಪಂದ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಸಹಿ ಹಾಕಿದರು. ರಾವಿ, ಬಿಯಾಸ್, ಸಟ್ಲೆಜ್ ನಮಗೆ. ಸಿಂಧೂ, ಝೇಲಂ, ಚಿನಾಬ್ ಅವರಿಗೆ. ಅದಾದ ಮೇಲೆ 1965ರಲ್ಲಿ ಯುದ್ಧವಾಯಿತು, 1971ರಲ್ಲಿ ಯುದ್ಧವಾಯಿತು, ಕಾರ್ಗಿಲ್ ಆಯಿತು, ಒಪ್ಪಂದ ಮಾತ್ರ ಮುರಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ನಮ್ಮ ಸರ್ಕಾರ ಅದನ್ನು ಅಮಾನತಿನಲ್ಲಿಡುವವರೆಗೂ ಅರವತ್ತನಾಲ್ಕು ವರ್ಷ ನಡೆಯಿತು. ನಮ್ಮ ಕಾವೇರಿ ವಿಚಾರದಲ್ಲಿ 1924ರ ಒಪ್ಪಂದ, 1990ರ ನ್ಯಾಯಮಂಡಳಿ, 2007ರ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು ಇಷ್ಟೆಲ್ಲ ಆದರೂ ಮಳೆ ಕೈಕೊಟ್ಟ ವರ್ಷ ನಾವು ಹೆದ್ದಾರಿಯಲ್ಲಿ ಕೂರುತ್ತೇವೆ. ಒಂದೇ ದೇಶದ ಎರಡು ರಾಜ್ಯಗಳಿಗೆ ಆಗದ್ದನ್ನು ಶತ್ರು ದೇಶಗಳ ಇಬ್ಬರು ನಾಯಕರು ಮಾಡಿದರು. ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಶಿವಮೊಗ್ಗದ ಹಳೆ ಮೇಷ್ಟ್ರು
ಮಂಡ್ಯದವರ ಮಾತು ಮನಸ್ಸಿಗೆ ತಟ್ಟಿತು. ಆದರೆ ಶ್ರೇಯಸ್ಸನ್ನು ಇಬ್ಬರಿಗೆ ಮಾತ್ರ ಕೊಡುವುದು ಸರಿಯಲ್ಲ. ಆ ಮಾತುಕತೆ ವಿಶ್ವ ಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ ಐವತ್ತರ ದಶಕದ ಆರಂಭದಿಂದಲೇ ನಡೆದಿತ್ತು; ಬ್ಯಾಂಕಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ಮತ್ತು ಎರಡೂ ಕಡೆಯ ಎಂಜಿನಿಯರುಗಳು ವರ್ಷಗಟ್ಟಲೆ ಶ್ರಮಪಟ್ಟಿದ್ದರು. ಅಯೂಬರ ಪಾಲು ಎಂದರೆ ಮೂರು ನದಿಗಳನ್ನು ಬಿಟ್ಟುಕೊಟ್ಟೆವು ಎಂಬ ಮನೆಯೊಳಗಿನ ಟೀಕೆಯನ್ನು ಎದುರಿಸಿ ಸಹಿ ಹಾಕಿದ್ದು. ಅದು ಸಣ್ಣದಲ್ಲ. ಆದರೆ ಎದುರು ಮಾತಾಡುವ ಪತ್ರಿಕೆ, ಸಂಸತ್ತು ಯಾವುದೂ ಇಲ್ಲದಾಗ ಸಹಿ ಹಾಕುವುದು ಎಷ್ಟು ಕಷ್ಟ ಎಂಬುದನ್ನೂ ಕೇಳಿಕೊಳ್ಳಬೇಕು. ಸೇನಾಡಳಿತ ಬಂದ ಮರುವರ್ಷವೇ ‘ಪಾಕಿಸ್ತಾನ್ ಟೈಮ್ಸ್’ ಪತ್ರಿಕೆಯನ್ನು ಸರ್ಕಾರ ವಶಪಡಿಸಿಕೊಂಡಿತ್ತು.

ಬ್ರಾಡ್‌ಫರ್ಡ್ ಚಳಿ
ಇಂಗ್ಲೆಂಡಿನಲ್ಲಿ ನಾನಿರುವ ಬೀದಿಯಲ್ಲಿ ಹತ್ತರಲ್ಲಿ ಆರು ಮನೆಗಳು ಪಾಕ್ ಆಕ್ರಮಿತ ಕಾಶ್ಮೀರದ ಮೀರ್‌ಪುರದವರದ್ದು. ಸಿಂಧೂ ಒಪ್ಪಂದದಿಂದ ಕೈತಪ್ಪಿದ ನೀರಿಗೆ ಬದಲಾಗಿ ಝೇಲಂ ನದಿಗೆ ಮಂಗಲಾ ಅಣೆಕಟ್ಟು ಕಟ್ಟಿದರು. 1967ರಲ್ಲಿ ಅಯೂಬರೇ ಉದ್ಘಾಟಿಸಿದರು. ಹಳೆಯ ಮೀರ್‌ಪುರ ಪಟ್ಟಣವೂ ಸುತ್ತಲಿನ ನೂರಾರು ಹಳ್ಳಿಗಳೂ ಮುಳುಗಿ ಒಂದು ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಅವರಲ್ಲಿ ಅನೇಕರು ಇಲ್ಲಿನ ಬಟ್ಟೆ ಗಿರಣಿಗಳಿಗೆ ಬಂದರು. ಪಕ್ಕದ ಮನೆಯ ಹಿರಿಯರೊಬ್ಬರು ಬೇಸಿಗೆಯಲ್ಲಿ ಊರಿಗೆ ಹೋದಾಗ ಜಲಾಶಯದ ನೀರಿಳಿದು ಹಳೆಯ ಗುಡಿಯ ಗೋಪುರ, ದರ್ಗಾದ ಗೋಡೆ ಕಾಣಿಸಿದ್ದನ್ನು ಫೋಟೋ ತೆಗೆದು ತಂದು ತೋರಿಸಿದರು. ತಮ್ಮ ಮನೆ ಇದ್ದ ದಿಕ್ಕನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ಬರೀ ಕೆಸರಿತ್ತು. ನಾನು ಶರಾವತಿ ಮುಳುಗಡೆಯ ಮನೆತನದವನು. ನನ್ನ ತಂದೆಯೂ ಲಿಂಗನಮಕ್ಕಿ ಹಿನ್ನೀರಿನತ್ತ ಹಾಗೆಯೇ ಬೆರಳು ತೋರಿಸುತ್ತಿದ್ದರು. ಮೀರ್‌ಪುರದ ಆ ಹಿರಿಯರಿಗೆ ಅಯೂಬರ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ಅಣೆಕಟ್ಟು ಬೇಕಿತ್ತು, ಆದರೆ ನಮ್ಮನ್ನು ಯಾರೂ ಕೇಳಲಿಲ್ಲ ಎಂದರು.

ಹಂಸಲೇಖನಿ
ಗಂಡಸರೆಲ್ಲ ನದಿ, ಅಣೆಕಟ್ಟು, ರಾಜಧಾನಿ ಎನ್ನುತ್ತಿದ್ದೀರಿ. ಅಯೂಬರ ಕಾಲದ ಬಹು ದೊಡ್ಡ ಕೆಲಸವನ್ನು ಯಾರೂ ಹೇಳಿಲ್ಲ. 1961ರ ಮುಸ್ಲಿಂ ಕೌಟುಂಬಿಕ ಕಾನೂನುಗಳ ಸುಗ್ರೀವಾಜ್ಞೆಯ ಪ್ರಕಾರ ಮದುವೆಯನ್ನು ನೋಂದಾಯಿಸಬೇಕು. ಎರಡನೆಯ ಮದುವೆಗೆ ಮಧ್ಯಸ್ಥ ಮಂಡಳಿಯ ಅನುಮತಿ ಬೇಕು. ತಲಾಖ್ ಎಂದು ಬಾಯಲ್ಲಿ ಹೇಳಿದರೆ ಸಾಲದು, ಲಿಖಿತ ಸೂಚನೆ ಕೊಟ್ಟು ತೊಂಬತ್ತು ದಿನ ಕಾಯಬೇಕು. ತಂದೆ ಸತ್ತ ಮೊಮ್ಮಕ್ಕಳಿಗೂ ಅಜ್ಜನ ಆಸ್ತಿಯಲ್ಲಿ ಪಾಲುಂಟು. ಧರ್ಮಗುರುಗಳು ಉಗ್ರವಾಗಿ ವಿರೋಧಿಸಿದರೂ ಅವರು ಹಿಂದೆಗೆಯಲಿಲ್ಲ. ಆ ಕಾನೂನು ಪಾಕಿಸ್ತಾನದಲ್ಲೂ ಬಾಂಗ್ಲಾದೇಶದಲ್ಲೂ ಇಂದಿಗೂ ಜಾರಿಯಲ್ಲಿದೆ. ಕೋಟ್ಯಂತರ ಹೆಣ್ಣುಮಕ್ಕಳಿಗೆ ಹಿಡಿದುಕೊಳ್ಳಲು ಒಂದು ಕಾಗದ ಸಿಕ್ಕಿತು. ನನ್ನ ಲೆಕ್ಕದಲ್ಲಿ ಇಸ್ಲಾಮಾಬಾದಿನ ಅಗಲ ರಸ್ತೆಗಳಿಗಿಂತ ಆ ಕಾಗದ ದೊಡ್ಡದು.

ಅದನ್ನು ಮಾಡಿದ ಕೈಯೇ ನಾಲ್ಕು ವರ್ಷಗಳಲ್ಲಿ ಏನು ಮಾಡಿತು ಎಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ. 1965ರ ಜನವರಿಯ ಅಧ್ಯಕ್ಷ ಚುನಾವಣೆಯಲ್ಲಿ ಅವರ ಎದುರು ನಿಂತವರು ಜಿನ್ನಾ ಅವರ ತಂಗಿ ಫಾತಿಮಾ ಜಿನ್ನಾ. ಎಪ್ಪತ್ತು ದಾಟಿದ ಹೆಣ್ಣುಮಗಳು ರೈಲಿನಲ್ಲಿ ಊರೂರು ಸುತ್ತಿದರು, ಜನಸಾಗರ ಸೇರಿತು. ಅವರ ಗುರುತು ಲಾಟೀನು, ಅಯೂಬರ ಗುರುತು ಗುಲಾಬಿ. ಆಗ ಅಯೂಬರ ಪರವಾಗಿ, ಮುಸ್ಲಿಂ ದೇಶಕ್ಕೆ ಹೆಂಗಸು ಮುಖ್ಯಸ್ಥೆಯಾಗಬಾರದು ಎಂಬ ಫತ್ವಾಗಳನ್ನು ಹೊರಡಿಸಲಾಯಿತು. ಕೌಟುಂಬಿಕ ಕಾನೂನು ತರುವಾಗ ಯಾರನ್ನು ಎದುರು ಹಾಕಿಕೊಂಡಿದ್ದರೋ ಅಂಥ ಧರ್ಮಗುರುಗಳ ಮಾತೇ ಕುರ್ಚಿ ಅಲುಗಾಡಿದಾಗ ಬೇಕಾಯಿತು.

ತುಂಗಾತೀರ
ಮತ ಹಾಕಿದವರು ಎಷ್ಟು ಜನ ಎಂಬುದನ್ನೂ ಹೇಳಿ, ಹಂಸಲೇಖನಿಯವರೇ.

ಹಂಸಲೇಖನಿ
ಹೇಳಬೇಕಾದದ್ದೇ. ಮತದಾರರು ಎಂದರೆ ಜನರಲ್ಲ, ಎರಡೂ ಪ್ರಾಂತಗಳಿಂದ ತಲಾ ನಲವತ್ತು ಸಾವಿರದಂತೆ ಒಟ್ಟು 80,000 ‘ಮೂಲ ಪ್ರಜಾಪ್ರಭುತ್ವ’ದ ಪ್ರತಿನಿಧಿಗಳು. ಇವರನ್ನು ಊರಿನವರು ಆರಿಸುತ್ತಿದ್ದರು, ಇವರು ಅಧ್ಯಕ್ಷರನ್ನು ಆರಿಸುತ್ತಿದ್ದರು. ಈ ಪ್ರತಿನಿಧಿಗಳ ಊರಿಗೆ ರಸ್ತೆಯೋ ಬಾವಿಯೋ ಬೇಕಾದರೆ ಜಿಲ್ಲಾಧಿಕಾರಿಯ ದಯೆ ಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರ ನೌಕರ. ಅಯೂಬರಿಗೆ ಸುಮಾರು ಐವತ್ತು ಸಾವಿರ, ಫಾತಿಮಾ ಅವರಿಗೆ ಇಪ್ಪತ್ತೊಂಬತ್ತು ಸಾವಿರದ ಹತ್ತಿರ ಮತ ಬಂದವು. ಇಷ್ಟು ಬಿಗಿಯಾದ ಏರ್ಪಾಟಿನೊಳಗೂ ಕರಾಚಿಯಲ್ಲಿ, ಢಾಕಾದಲ್ಲಿ ಫಾತಿಮಾ ಅವರೇ ಮುಂದಿದ್ದರು. ಎಲ್ಲರಿಗೂ ಮತವಿದ್ದಿದ್ದರೆ ಲಾಟೀನು ಗೆಲ್ಲುತ್ತಿತ್ತು ಎಂಬುದು ನನ್ನ ನಂಬಿಕೆ.

ಮಾಜಿ ಸುಬೇದಾರ್, ಹಾಸನ
ಈಗ 1965ರ ಯುದ್ಧದ ಮಾತಿಗೆ ಬರೋಣ, ಮೂಲ ಪ್ರಶ್ನೆಯಲ್ಲಿ ಅದಿದೆ. ಇಲ್ಲಿ ನಾನು ಅಯೂಬರ ಪರ ನಿಲ್ಲುವುದಿಲ್ಲ. ಸಿಪಾಯಿಯಾಗಿದ್ದವರು ಸಿಪಾಯಿಯ ಲೆಕ್ಕಾಚಾರವನ್ನೇ ತಪ್ಪಿದರು. ಆಗಸ್ಟಿನಲ್ಲಿ ‘ಜಿಬ್ರಾಲ್ಟರ್’ ಎಂಬ ಗುಪ್ತ ಹೆಸರಿನಲ್ಲಿ ಕಾಶ್ಮೀರಕ್ಕೆ ಸಾವಿರಾರು ನುಸುಳುಕೋರರನ್ನು ಕಳುಹಿಸಿದರೆ ಅಲ್ಲಿನ ಜನ ದಂಗೆ ಏಳುತ್ತಾರೆ ಎಂದು ವಿದೇಶಾಂಗ ಮಂತ್ರಿ ಭುಟ್ಟೋ ಮುಂತಾದವರು ನಂಬಿಸಿದರು. ಜನ ಏಳಲಿಲ್ಲ. ಸೆಪ್ಟೆಂಬರ್ 1ರಂದು ಅಖ್ನೂರಿನತ್ತ ಟ್ಯಾಂಕು ನುಗ್ಗಿಸಿದರು. ಭಾರತ ಅಂತರರಾಷ್ಟ್ರೀಯ ಗಡಿ ದಾಟುವುದಿಲ್ಲ ಎಂದು ಎಣಿಸಿದರು. ಸೆಪ್ಟೆಂಬರ್ 6ರಂದು ನಮ್ಮ ಪಡೆ ಲಾಹೋರಿನ ಕಡೆ ದಾಟಿತು. ಅಮೆರಿಕ ಶಸ್ತ್ರ ಪೂರೈಕೆ ನಿಲ್ಲಿಸಿತು. ಹದಿನೇಳು ದಿನಗಳಲ್ಲಿ ಅಯೂಬರ ಏಳು ವರ್ಷಗಳ ಪ್ರತಿಷ್ಠೆ ಸೋರಿಹೋಯಿತು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ಇಲ್ಲಿ ನೆನೆಯಲೇಬೇಕು. ಸೆಪ್ಟೆಂಬರ್ 7ರಂದು ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು, ತಮ್ಮದಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದನ್ನು ಎದುರಿಸಿ ಹೊಡೆದುರುಳಿಸಿದರು, ತಾವು ಮರಳಲಿಲ್ಲ.

ತುಂಗಾತೀರ
ಅವರಿಗೆ ಪರಮವೀರ ಚಕ್ರ ಬಂತಲ್ಲವೇ?

ಮಾಜಿ ಸುಬೇದಾರ್, ಹಾಸನ
ಇಲ್ಲ, ಮಹಾವೀರ ಚಕ್ರ. ಅದೂ 1988ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ. ವಿಮಾನವನ್ನು ಉರುಳಿಸಿದ್ದು ದೇವಯ್ಯ ಎಂಬುದು ಪಾಕಿಸ್ತಾನದ ಕಡೆಯ ಬರಹಗಳಿಂದಲೇ ತಿಳಿಯಬೇಕಾಯಿತು.

ಮಡಿಕೇರಿ ಮಂಜು
ಕೊಡಗಿನ ಮಾತು ಬಂದಾಗ ಅಯೂಬರಿಗೆ ನೇರವಾಗಿ ತಗಲುವ ಇನ್ನೊಂದು ಘಟನೆಯಿದೆ. ಕಾರ್ಯಪ್ಪನವರ ಮಗ, ವಾಯುಪಡೆಯ ನಂದಾ ಕಾರ್ಯಪ್ಪ ಅವರ ಹಂಟರ್ ವಿಮಾನವನ್ನು ಸೆಪ್ಟೆಂಬರ್ 22ರಂದು, ಯುದ್ಧದ ಕಟ್ಟಕಡೆಯ ದಿನ, ಪಾಕಿಸ್ತಾನದವರು ನೆಲದಿಂದ ಹೊಡೆದುರುಳಿಸಿ ಅವರನ್ನು ಸೆರೆಹಿಡಿದರು. ಸೆರೆಯಾಳು ಯಾರ ಮಗ ಎಂದು ಗೊತ್ತಾದ ಕೂಡಲೇ ಅಯೂಬರು ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರ್ ಮೂಲಕ ಕಾರ್ಯಪ್ಪನವರಿಗೆ ಸುದ್ದಿ ಮುಟ್ಟಿಸಿದರು. ಹಳೆಯ ಮೇಲಧಿಕಾರಿಯ ಮಗನನ್ನು ಬಿಟ್ಟುಕೊಡಲು ಸಿದ್ಧ ಎಂಬ ಸೂಚನೆಯೂ ಅದರಲ್ಲಿತ್ತು. ನಿವೃತ್ತಿಯಾಗಿ ಮಡಿಕೇರಿಯ ‘ರೋಶನಾರ’ದಲ್ಲಿದ್ದ ಕಾರ್ಯಪ್ಪನವರು ಅದನ್ನು ಒಪ್ಪಲಿಲ್ಲ. ಅಲ್ಲಿರುವ ಸೆರೆಯಾಳುಗಳೆಲ್ಲ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಯಾರನ್ನೂ ಬೇಡ ಎಂಬುದು ಅವರ ಉತ್ತರದ ಸಾರ. ಅಯೂಬರ ಪತ್ನಿ ಮತ್ತು ಹಿರಿಯ ಮಗ ಆಸ್ಪತ್ರೆಗೆ ಹೋಗಿ ನಂದಾ ಅವರನ್ನು ಕಂಡು, ಸಿಗರೇಟು ಪೆಟ್ಟಿಗೆಯನ್ನೂ ಓದಲು ಒಂದು ಕಾದಂಬರಿಯನ್ನೂ ಕೊಟ್ಟು ಬಂದರು. ನಾಲ್ಕು ತಿಂಗಳ ನಂತರ ಉಳಿದವರ ಜೊತೆಗೇ ನಂದಾ ಬಿಡುಗಡೆಯಾದರು. ಮುಂದೆ ಏರ್ ಮಾರ್ಷಲ್ ಆದರು.

ನಿಮ್ಮ ಅಜ್ಜನ ಗೌರವಕ್ಕೆ ಕಾರಣ ಇಲ್ಲಿರಬಹುದು ಎಂದು ನನಗೆ ಅನ್ನಿಸುತ್ತದೆ.

ಧಾರವಾಡದ ವಕೀಲ
ಘಟನೆ ಹೃದಯಸ್ಪರ್ಶಿಯಾದದ್ದೇ, ಅಲ್ಲಗಳೆಯುವುದಿಲ್ಲ. ಆದರೆ ವ್ಯಕ್ತಿಯ ಸೌಜನ್ಯ ಬೇರೆ, ಆಡಳಿತಗಾರನ ನಡೆ ಬೇರೆ. ಹಳೆಯ ಸಹೋದ್ಯೋಗಿಯ ಮಗನ ಬಗ್ಗೆ ಕಾಳಜಿ ತೋರಿಸಿದವರು, ಆ ಹುಡುಗ ಅಲ್ಲಿ ಹೋಗಿ ಬೀಳುವಂಥ ಯುದ್ಧವನ್ನೂ ತಾವೇ ಆರಂಭಿಸಿದ್ದರು. ಕಾರ್ಯಪ್ಪನವರೂ 1958ರಲ್ಲಿ ಅಯೂಬರ ಕ್ರಮವನ್ನು ಸಮರ್ಥಿಸಿ ಮಾತನಾಡಿದ್ದರು ಎಂಬುದನ್ನು ಮುಚ್ಚಿಡಬಾರದು. ಆದರೆ ಅವರು ತಾವಾಗಿ ಆ ದಾರಿ ಹಿಡಿಯಲಿಲ್ಲ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು, ಸೋತು, ಸುಮ್ಮನೆ ಮನೆಗೆ ಬಂದರು. ಅಧಿಕಾರ ಬೇಕೆನ್ನುವ ಸೇನಾನಿಗೆ ಅದೊಂದೇ ಸರಿಯಾದ ದಾರಿ.

ಶಿವಮೊಗ್ಗದ ಹಳೆ ಮೇಷ್ಟ್ರು
ಅದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿ. ಅಯೂಬರ ಕ್ರಾಂತಿಯ ಬಿಸಿ ನಮ್ಮ ಸೇನೆಗೂ ತಟ್ಟಿತ್ತು. 1959ರ ಆಗಸ್ಟ್ 31ರಂದು ಜನರಲ್ ತಿಮ್ಮಯ್ಯನವರು ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ನಡವಳಿಕೆಯಿಂದ ಬೇಸತ್ತು ರಾಜೀನಾಮೆ ಕೊಟ್ಟರು. ಸರಿಯಾಗಿ ಮರುದಿನ ಅಯೂಬರು ಢಾಕಾಗೆ ಹೋಗುವ ದಾರಿಯಲ್ಲಿ ದೆಹಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ಇಳಿದು ನೆಹರೂ ಅವರನ್ನು ಭೇಟಿಯಾದರು. ಪಕ್ಕದ ಮನೆಯಲ್ಲಿ ದಂಡನಾಯಕನೇ ದೊರೆಯಾಗಿದ್ದ ಆ ಹೊತ್ತಿನಲ್ಲಿ ನಮ್ಮ ದಂಡನಾಯಕರ ರಾಜೀನಾಮೆ ದೆಹಲಿಗೆ ಹೇಗೆ ಕಂಡಿರಬೇಕು, ಊಹಿಸಿ. ನೆಹರೂ ಮನವೊಲಿಸಿದರು, ತಿಮ್ಮಯ್ಯನವರು ರಾಜೀನಾಮೆ ಹಿಂಪಡೆದರು, ಚುನಾಯಿತ ಸರ್ಕಾರದ ಮಾತಿಗೆ ತಲೆಬಾಗಿದರು. ನಂತರ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ನಲ್ಲಿ 1965ರಲ್ಲಿ ತೀರಿಕೊಂಡರು.

ಮಸ್ಕತ್ ಮಲ್ಲಿಗೆ
ನನ್ನ ಜೊತೆ ಕೆಲಸ ಮಾಡುವ ಪೇಶಾವರದ ಕಡೆಯ ಚಾಲಕರೊಬ್ಬರ ಫೋನಿನಲ್ಲಿ ಊರಿನ ಲಾರಿಯ ಚಿತ್ರವಿದೆ. ಲಾರಿಯ ಹಿಂಬದಿ ತುಂಬ ಬಣ್ಣಬಣ್ಣದ ಹೂಬಳ್ಳಿ, ನಡುವೆ ಪದಕಗಳನ್ನು ತೊಟ್ಟ ಅಯೂಬ್ ಖಾನ್, ಕೆಳಗೆ ಉರ್ದುವಿನಲ್ಲಿ ಒಂದು ಸಾಲು. ಅರ್ಥ ಕೇಳಿದರೆ, ನೀನು ಹೋದ ಮೇಲೆ ನಿನ್ನ ನೆನಪಾಯಿತು ಎಂದರು. ಆ ದೇಶದಲ್ಲಿ ಎಷ್ಟೋ ಲಾರಿಗಳ ಮೇಲೆ ಇದೇ ಚಿತ್ರ, ಇದೇ ಸಾಲು ಇರುತ್ತದಂತೆ. ಆಗ ಕಾರ್ಖಾನೆಗಳು ಬಂದವು, ಗೋಧಿ ಬೆಳೆಯಿತು, ರಸ್ತೆ ಆಯಿತು ಎಂದು ಅವರ ತಂದೆ ಹೇಳುತ್ತಿದ್ದರಂತೆ. ಬಡವರ ನೆನಪಿಗೂ ಬೆಲೆ ಇದೆ ಅಲ್ಲವೇ?

ಕೊಲ್ಕತ್ತಾ ಟ್ರಾಮ್
ಖಂಡಿತ ಇದೆ. ಆದರೆ ಆ ಲಾರಿ ಢಾಕಾದಲ್ಲಿ ಓಡುವುದಿಲ್ಲ. ಇಲ್ಲಿ ಮೂವತ್ತು ವರ್ಷಗಳಿಂದ ನೆಲೆಸಿರುವ ನಾನು ಪೂರ್ವ ಬಂಗಾಳದಿಂದ ಬಂದವರ ಮನೆಗಳಲ್ಲಿ ಬೇರೆಯದೇ ನೆನಪನ್ನು ಕೇಳಿದ್ದೇನೆ.

ಅಯೂಬರ ಕಾಲದಲ್ಲಿ ಆರ್ಥಿಕತೆ ವೇಗವಾಗಿ ಬೆಳೆದದ್ದು ನಿಜ. ಆದರೆ ಅವರ ಸರ್ಕಾರದಲ್ಲೇ ಹಿರಿಯ ಅರ್ಥಶಾಸ್ತ್ರಜ್ಞರಾಗಿದ್ದ ಮಹಬೂಬ್ ಉಲ್ ಹಕ್ ಅವರು 1968ರಲ್ಲಿ, ದೇಶದ ಕೈಗಾರಿಕೆಯ ಮೂರನೆಯ ಎರಡು ಪಾಲು, ಬ್ಯಾಂಕಿಂಗ್‌ನ ಶೇ 80ರಷ್ಟು ಕೇವಲ 22 ಮನೆತನಗಳ ಕೈಯಲ್ಲಿದೆ ಎಂದು ಬಹಿರಂಗವಾಗಿ ಹೇಳಿದರು. ಆ ಮನೆತನಗಳಲ್ಲಿ ಬಹುಪಾಲು ಪಶ್ಚಿಮದಲ್ಲಿ ನೆಲೆಸಿದವು. ಸೆಣಬು ಬೆಳೆದವರು ಪೂರ್ವದವರು, ಅದರಿಂದ ಬಂದ ವಿದೇಶಿ ವಿನಿಮಯದಲ್ಲಿ ಯಂತ್ರ ತರಿಸಿಕೊಂಡದ್ದು ಪಶ್ಚಿಮ. ಎರಡೂ ಕಡೆಯ ತಲಾದಾಯದ ಅಂತರ ಆ ಹತ್ತು ವರ್ಷಗಳಲ್ಲಿ ಕುಗ್ಗುವ ಬದಲು ಹಿಗ್ಗಿತು. 1965ರ ಯುದ್ಧದಲ್ಲಿ ಪೂರ್ವದ ರಕ್ಷಣೆಗೆ ಹೆಸರಿಗಷ್ಟೇ ಸೇನೆಯಿತ್ತು. ನಾವು ಯಾರಿಗೆ ಬೇಕಾದವರು ಎಂಬ ಪ್ರಶ್ನೆ ಅಲ್ಲಿನವರಿಗೆ ಆಗ ಎದ್ದಿತು. ಮರುವರ್ಷ ಫೆಬ್ರವರಿಯಲ್ಲಿ ಪೂರ್ವದ ನಾಯಕ ಶೇಖ್ ಮುಜಿಬುರ್ ರಹಮಾನ್ ತಮ್ಮ ಪ್ರಾಂತಕ್ಕೆ ಸ್ವಾಯತ್ತತೆ ಕೇಳುವ ಆರು ಅಂಶಗಳ ಬೇಡಿಕೆ ಮುಂದಿಟ್ಟರು.

ಕನ್ನಡಿಗರಿಗೆ ಬೇಗ ಅರ್ಥವಾಗುವ ಮಾತೊಂದನ್ನು ಹೇಳುತ್ತೇನೆ. 1967ರಲ್ಲಿ ಅಯೂಬರ ವಾರ್ತಾ ಮಂತ್ರಿ ಸರ್ಕಾರಿ ರೇಡಿಯೊದಲ್ಲಿ ರವೀಂದ್ರರ ಹಾಡುಗಳನ್ನು ತಡೆದರು. ಕುವೆಂಪು, ಬೇಂದ್ರೆ ಅವರ ಪದ್ಯಗಳನ್ನು ಬೆಂಗಳೂರು ಆಕಾಶವಾಣಿ ಹಾಡಬಾರದು ಎಂದು ಯಾರಾದರೂ ಆಜ್ಞೆ ಹೊರಡಿಸಿದರೆ ನಮಗೆ ಏನಾಗುತ್ತದೋ ಢಾಕಾದವರಿಗೂ ಅದೇ ಆಯಿತು. ಅದೇ ವರ್ಷ ಪ್ರಕಟವಾದ ಆತ್ಮಕಥೆಯಲ್ಲಿ ಅಯೂಬರು ಬಂಗಾಳಿಗಳ ಸ್ವಭಾವದ ಬಗ್ಗೆ ಕೀಳಾಗಿ ಬರೆದರು. ನದಿಯ ನೀರನ್ನು ಅಳೆದು ಹಂಚಿಕೊಳ್ಳಲು ಒಪ್ಪಿದ ಮನುಷ್ಯನಿಗೆ ತನ್ನದೇ ದೇಶದ ಅರ್ಧಕ್ಕೂ ಹೆಚ್ಚು ಜನರ ಜೊತೆ ಅಧಿಕಾರ ಹಂಚಿಕೊಳ್ಳಬೇಕೆಂದು ತೋಚಲಿಲ್ಲ.

ಧಾರವಾಡದ ವಕೀಲ
ಕೊಲ್ಕತ್ತಾದವರ ಮಾತಿನ ಕೊನೆಯ ಕೊಂಡಿಯನ್ನು ನಾನು ಹೇಳುತ್ತೇನೆ. ನನ್ನ ಮಟ್ಟಿಗೆ ಅಯೂಬರ ವಿರುದ್ಧದ ದೊಡ್ಡ ಆರೋಪ 1958ರದ್ದಲ್ಲ, 1969ರದ್ದು.

1968ರಲ್ಲಿ ‘ಅಭಿವೃದ್ಧಿಯ ದಶಕ’ ಎಂದು ಸರ್ಕಾರ ವರ್ಷವಿಡೀ ಉತ್ಸವ ಮಾಡಿತು. ಅದೇ ನವೆಂಬರಿನಲ್ಲಿ ರಾವಲ್ಪಿಂಡಿಯ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು; ಬೆಂಕಿ ಎರಡೂ ಪ್ರಾಂತಗಳಿಗೆ ಹರಡಿತು. ಭಾರತದ ನೆರವಿನಿಂದ ಪೂರ್ವವನ್ನು ಬೇರ್ಪಡಿಸಲು ಸಂಚು ಮಾಡಿದರೆಂದು ಮುಜಿಬ್ ಅವರ ಮೇಲೆ ಹೂಡಿದ್ದ ಅಗರ್ತಲಾ ಪಿತೂರಿ ಮೊಕದ್ದಮೆಯನ್ನು ಫೆಬ್ರವರಿಯಲ್ಲಿ ಹಿಂಪಡೆಯಬೇಕಾಯಿತು. ಕೊನೆಗೆ ಮಾರ್ಚ್ 25ರಂದು ಅಯೂಬರು ರಾಜೀನಾಮೆ ಕೊಟ್ಟರು. 1962ರಲ್ಲಿ ಅವರೇ ಕೊಟ್ಟ, ಅಕ್ಷರ ಅಕ್ಷರವೂ ಅವರ ಇಚ್ಛೆಯಂತೆ ಬರೆಸಿದ ಸಂವಿಧಾನದ ಪ್ರಕಾರ ಅಧ್ಯಕ್ಷ ಸ್ಥಾನ ತೆರವಾದರೆ ಅದನ್ನು ವಹಿಸಬೇಕಾದವರು ರಾಷ್ಟ್ರೀಯ ಸಭೆಯ ಸಭಾಪತಿ. ಆಗ ಸಭಾಪತಿಯಾಗಿದ್ದವರು ಅಬ್ದುಲ್ ಜಬ್ಬಾರ್ ಖಾನ್, ಪೂರ್ವ ಬಂಗಾಳದವರು. ಅವರನ್ನು ಬಿಟ್ಟು ಅಯೂಬರು ಸೇನಾ ಮುಖ್ಯಸ್ಥ ಯಾಹ್ಯಾ ಖಾನ್ ಅವರ ಕೈಗೆ ದೇಶವನ್ನು ಕೊಟ್ಟರು. ಸ್ವಂತ ಸಂವಿಧಾನವನ್ನೇ ಹರಿದುಹಾಕಿ, ಬಂದ ಬಾಗಿಲಿನಿಂದಲೇ ಹೊರಟರು. ಎರಡು ವರ್ಷಗಳ ನಂತರ, ಸರಿಯಾಗಿ ಮಾರ್ಚ್ 25ರ ರಾತ್ರಿ, ಢಾಕಾದಲ್ಲಿ ಯಾಹ್ಯಾ ಅವರ ಸೇನೆ ತನ್ನದೇ ಜನರ ಮೇಲೆ ನಡೆಸಿದ ನರಮೇಧ ಎಲ್ಲರಿಗೂ ಗೊತ್ತು.

ಮಾಜಿ ಸುಬೇದಾರ್, ಹಾಸನ
ಸಭಾಪತಿಯ ವಿಚಾರ ನನಗೆ ಗೊತ್ತಿರಲಿಲ್ಲ. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪಹರೆ ಮುಗಿದಾಗ ಕಾವಲುಗಾರ ಬಂದೂಕನ್ನು ಯಾರ ಕೈಗೆ ಒಪ್ಪಿಸಬೇಕೆಂದು ಆದೇಶವಿದೆಯೋ ಅವರ ಕೈಗೇ ಒಪ್ಪಿಸಬೇಕು, ತನಗೆ ಬೇಕಾದವರಿಗಲ್ಲ. ನಮಗೆ ತರಬೇತಿಯ ಮೊದಲ ವಾರ ಕಲಿಸುವ ಪಾಠ ಅದು. ಕೋರಂಗಿಯ ಮನೆಗಳ ಬಗ್ಗೆ ನಾನು ಹೇಳಿದ್ದನ್ನು ಹಿಂಪಡೆಯುವುದಿಲ್ಲ, ಆದರೆ ಸಿಪಾಯಿಯ ಗುಣ ಎಂದು ನಾನು ಬರೆದದ್ದು ಇಲ್ಲಿಗೆ ಹೊಂದುವುದಿಲ್ಲ.

ಮಡಿಕೇರಿ ಮಂಜು
ಒಂದು ದೃಶ್ಯವನ್ನು ಸೇರಿಸುತ್ತೇನೆ. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, ಅದೇ ರಾತ್ರಿ ಶಾಸ್ತ್ರೀಜಿ ತೀರಿಕೊಂಡರು. ಬೆಳಿಗ್ಗೆ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸೋವಿಯತ್ ಒಕ್ಕೂಟದ ಪ್ರಧಾನಿ ಕೊಸಿಗಿನ್ ಒಬ್ಬರು, ಅಯೂಬ್ ಖಾನ್ ಇನ್ನೊಬ್ಬರು. ನಾಲ್ಕು ತಿಂಗಳ ಹಿಂದೆ ಇದೇ ಶಾಸ್ತ್ರಿಗಳ ಸೇನೆಯ ಮೇಲೆ ಟ್ಯಾಂಕು ಬಿಟ್ಟವರು. ಆ ಛಾಯಾಚಿತ್ರವನ್ನು ನೋಡಿದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ಗಂಟಲೂ ಕಟ್ಟುತ್ತದೆ.

ಕೈಯಾಲೆ ಕುರ್ಚಿ
ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ದಿನಗಳಿಂದ ಮಗ ಮತ್ತು ನಾನು ಇದನ್ನೇ ಮಾತಾಡುತ್ತಿದ್ದೇವೆ. ನಿನ್ನೆ ಊರಿಗೆ ಫೋನ್ ಮಾಡಿ ಅಮ್ಮನನ್ನೂ ಕೇಳಿದೆ. ಅಜ್ಜನ ಕಬ್ಬಿಣದ ಟ್ರಂಕಿನಲ್ಲಿ 1946ರ ಬನ್ನೂ ಫೋಟೋ ಇನ್ನೂ ಇದೆಯಂತೆ. ಹಿಂಬದಿಯಲ್ಲಿ ಅಜ್ಜ ಪೆನ್ಸಿಲಿನಿಂದ ಸಾಲಾಗಿ ಹೆಸರುಗಳನ್ನು ಬರೆದಿದ್ದಾರೆ, ಅದರಲ್ಲಿ ‘ಕರ್ನಲ್ ಅಯೂಬ್’ ಎಂದಿದೆ.

ಅಮ್ಮ ಹೇಳಿದ ಒಂದು ಮಾತು ನನಗೆ ಹೊಸದು. 1959ರಲ್ಲಿ ಅಯೂಬರು ತಮ್ಮದೇ ಸರ್ಕಾರದಿಂದ ಫೀಲ್ಡ್ ಮಾರ್ಷಲ್ ಪದವಿ ಪಡೆದಾಗ, ನಿಮ್ಮ ಕರ್ನಲ್ ಈಗ ಫೀಲ್ಡ್ ಮಾರ್ಷಲ್ ಆಗಿದ್ದಾರೆ, ಅಧ್ಯಕ್ಷರೂ ಆಗಿದ್ದಾರೆ ಎಂದು ಮನೆಗೆ ಬಂದ ನೆಂಟರೊಬ್ಬರು ಅಂದರಂತೆ. ಅಜ್ಜ, ನಾನು ಕಂಡದ್ದು ಕರ್ನಲ್ ಅಯೂಬರನ್ನು, ಅಧ್ಯಕ್ಷರು ಯಾರೋ ನನಗೆ ಗೊತ್ತಿಲ್ಲ ಎಂದು ಎದ್ದು ಕಾಫಿ ತೋಟಕ್ಕೆ ಹೋದರಂತೆ. ಅಲ್ಲಿಂದ ಮುಂದೆ ಅವರು ಸಾಯುವವರೆಗೂ ಬೇರೆ ಯಾವ ಪದವಿಯನ್ನೂ ಆ ಹೆಸರಿಗೆ ಸೇರಿಸಲಿಲ್ಲ. 1986ರಲ್ಲಿ ಕಾರ್ಯಪ್ಪನವರಿಗೆ, ನಿವೃತ್ತರಾಗಿ ಮೂವತ್ತಮೂರು ವರ್ಷಗಳ ನಂತರ, ದೇಶ ಅದೇ ಪದವಿ ಕೊಟ್ಟಾಗ ಮಾತ್ರ ‘ಫೀಲ್ಡ್ ಮಾರ್ಷಲ್’ ಎಂಬ ಪದ ಅವರ ಬಾಯಲ್ಲಿ ಬಂತು. ಆ ಸಂಜೆ ಎಲ್ಲರಿಗೂ ಪಾಯಸ ಮಾಡಿಸಿದ್ದು ನನಗೂ ನೆನಪಿದೆ; ಕಾರಣ ಮಾತ್ರ ಈಗ ತಿಳಿಯಿತು.

ಮಾಜಿ ಸುಬೇದಾರ್, ಹಾಸನ
ಆ ಫೋಟೋವನ್ನು ಸ್ಕ್ಯಾನ್ ಮಾಡಿಸುವಾಗ ಹಿಂಬದಿಯನ್ನೂ ತಪ್ಪದೆ ಮಾಡಿಸಿ. ಕೊಡಗಿನ ತೇವಕ್ಕೆ ಪೆನ್ಸಿಲ್ ಬರಹ ಬೇಗ ಮಾಸುತ್ತದೆ. ಉಳಿದ ಹೆಸರುಗಳಲ್ಲಿ ಹಾಸನದ ಕಡೆಯವರು ಯಾರಾದರೂ ಇದ್ದರೆ ನನಗೆ ತಿಳಿಸಿ.